ಯಾವ್ದು ಸರಿ ಉತ್ರ ಸಾ?

"ನಾನು ಯಾವಾಗಲೂ ಸತ್ಯವನ್ನೇ ಹೇಳುತ್ತೇನೆ." ಹೌದು / ಇಲ್ಲ.

ನೀವಾದರೆ ಇದಕ್ಕೆ ಯಾವ ಕಡೆ ಗುರುತು ಹಾಕುತ್ತೀರಿ? ಸ್ವಲ್ಪ ಯೋಚಿಸಿ ನೋಡಿ. "ಹೌದು" ಅಂದರೆ ಅಲ್ಲೇ ಒಂದು ಸುಳ್ಳು ಹೇಳಿದ ಹಾಗಾಯಿತು. "ಇಲ್ಲ" ಅಂದರೆ ನಿಜ ಹೇಳಿದ ತಪ್ಪಿಗೆ ಸುಳ್ಳುಗಾರರ ಪಟ್ಟಿಗೆ ಸೇರುತ್ತೀರಿ!

ನಮ್ಮ ಏಳನೇ ತರಗತಿಯ 19 ಮಕ್ಕಳಲ್ಲಿ 18 ಮಂದಿ "ಹೌದು" ಎಂದು ಬರೆದರು. ಒಬ್ಬಳು ಮಾತ್ರ "ಇಲ್ಲ" ಎಂದು ಬರೆದಳು. ಮಕ್ಕಳ ವ್ಯಕ್ತಿತ್ವವನ್ನು ಅಳೆಯುತ್ತೇವೆಂದು ಹೊರಗಿನಿಂದ ಬಂದ ಒಂದು ತಂಡ ಹಂಚಿದ ನಲವತ್ತು ಪ್ರಶ್ನೆಗಳ ಹಾಳೆ ಅದು. ಎರಡು ವಾರದ ಮೇಲೆ ಫಲಿತಾಂಶ ಬಂತು. "ವಿಶೇಷ ಗಮನ ಬೇಕಾದವರು" ಎಂಬ ತಲೆಬರಹದ ಕೆಳಗೆ ಒಂದೇ ಒಂದು ಹೆಸರು. ಯಾರದ್ದೆಂದು ನಿಮಗೆ ಹೇಳಬೇಕಿಲ್ಲ.

ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ, ಯಾಕಮ್ಮ ಹೀಗೆ ಬರೆದೆ ಅಂತ. "ನೆನ್ನ ಅವ್ವನ್ಗ ಒಂದು ಸುಳ್ಳು ಯೋಳಿವ್ನಿ ಸಾ. ಅದ್ಕ ಇಲ್ಲ ಅಂತ ಹಾಕ್ದಿ" ಅಂದಳು. ಉಳಿದ ಹದಿನೆಂಟು ಮಂದಿಯಲ್ಲಿ ಅವತ್ತು ಬೆಳಗ್ಗೆಯೇ ನನಗೆ ಸುಳ್ಳು ಹೇಳಿದವರು ಕನಿಷ್ಠ ಮೂವರಿದ್ದರು ಎಂಬುದು ಬೇರೆ ಮಾತು.

ಮಾರನೆಯ ದಿನ ಅವರವ್ವ ಕೂಲಿ ಬಿಟ್ಟು ಶಾಲೆಗೆ ಬಂದರು. "ನಮ್ಮ ಹುಡ್ಗಿ ಏನ ತಪ್ಪು ಮಾಡ್ಬುಟ್ಟಳು ಸಾ? ತಲ ಸರಿಯಿಲ್ಲ ಅಂತ ಬರ್ದವ್ರ?" ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು. ನಮ್ಮ ಕಡೆ ಇಂಥ ಸುದ್ದಿ ಒಂದು ಊರಿಂದ ಇನ್ನೊಂದು ಊರಿಗೆ ಬಸ್ಸಿಗಿಂತ ಮುಂಚೆ ತಲುಪುತ್ತದೆ. ಏನೂ ಆಗಿಲ್ಲ ತಾಯಿ, ನಿಮ್ಮ ಮಗಳು ನಿಜ ಬರೆದಿದ್ದಾಳೆ ಅಷ್ಟೇ ಎಂದು ಸಮಾಧಾನ ಮಾಡಿ ಕಳಿಸಿದೆ. ತಂಡದವರಿಗೆ ಫೋನ್ ಮಾಡಿ ವಾದ ಮಾಡಿದ ಮೇಲೆ ಪಟ್ಟಿಯಿಂದ ಹೆಸರು ತೆಗೆದರು. ಆದರೆ ಕಂಪ್ಯೂಟರಿನಲ್ಲಿ ಏರಿದ್ದು ಇಳಿಯಿತೋ ಇಲ್ಲವೋ ಯಾರಿಗೆ ಗೊತ್ತು.

ಆ ಹುಡುಗಿಯ ವಿಷಯ ಅಲ್ಲಿಗೆ ಬಿಡೋಣ. ನಾನು ಬರೆಯಲು ಕೂತಿದ್ದು ಪ್ರಶ್ನೆ ಕೇಳುವವರ ಬಗ್ಗೆ. ಕಾಸರಗೋಡಿನಲ್ಲೋ, ಜತ್ತದಲ್ಲೋ, ಅಕ್ಕಲಕೋಟೆಯಲ್ಲೋ ಕನ್ನಡ ಶಾಲೆ ನಡೆಸುತ್ತಿರುವ ಗೆಳೆಯರೇ, ನಿಮ್ಮಲ್ಲಿಗೂ ಇಂಥ ಹಾಳೆಗಳು ಬರುತ್ತಿರಬಹುದು. ಇಂಗ್ಲಿಷಿನಲ್ಲಿ ಹುಟ್ಟಿ, ರಾಜ್ಯಭಾಷೆಯಲ್ಲಿ ಒಮ್ಮೆ ಮುಳುಗಿ ಎದ್ದು, ಕೊನೆಗೆ ನಮ್ಮ ಕೈಗೆ ಬಂದು ಕನ್ನಡವಾಗುವ ಹಾಳೆಗಳು. ತಾಳವಾಡಿಯಲ್ಲಂತೂ ಕನ್ನಡ ಮಾಡುವ ಕೆಲಸ ನಿಂತ ನಿಲುವಿನಲ್ಲೇ ಆಗಬೇಕು. ತಮಿಳು ಪ್ರಶ್ನೆ ಓದುವುದು, ಕನ್ನಡದಲ್ಲಿ ಹೇಳುವುದು, ಮಕ್ಕಳು ಗುರುತು ಹಾಕುವುದು. ಆವತ್ತೂ ಹಾಗೇ ನಡೆಯಿತು. ಮೂರನೇ ಪ್ರಶ್ನೆಗೆಲ್ಲ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು: "ಯಾವ್ದು ಸರಿ ಉತ್ರ ಸಾ?"

ಇದರಲ್ಲಿ ಸರಿ ತಪ್ಪು ಇಲ್ಲ ಕಣಪ್ಪ, ನಿನಗೆ ಹೇಗನ್ನಿಸುತ್ತೋ ಹಾಗೆ ಬರಿ ಎಂದೆ. ಅವನು ನಂಬಲಿಲ್ಲ. ಯಾಕೆ ನಂಬಬೇಕು? ಒಂದನೇ ತರಗತಿಯಿಂದ ಅವನ ಮುಂದೆ ಇಟ್ಟ ಪ್ರತಿ ಹಾಳೆಯಲ್ಲೂ ಸರಿ ಉತ್ತರ ಅಂತ ಒಂದು ಇತ್ತು. ಅದನ್ನು ಊಹಿಸಿ ಬರೆಯುವುದೇ ಜಾಣತನ ಎಂದು ಕಲಿಸಿದವರು ನಾವೇ ಮೇಷ್ಟರುಗಳು. ಇವತ್ತು ಇದ್ದಕ್ಕಿದ್ದ ಹಾಗೆ ಸರಿ ಉತ್ತರ ಇಲ್ಲ ಎಂದರೆ ಅವನಿಗೆ ಇದೂ ಒಂದು ಪರೀಕ್ಷೆಯ ತಂತ್ರವಾಗಿಯೇ ಕಾಣುತ್ತದೆ.

ಮನಃಶಾಸ್ತ್ರದವರು ಇದಕ್ಕೆ ಉದ್ದನೆಯ ಹೆಸರು ಇಟ್ಟಿದ್ದಾರೆ. ಸಮಾಜ ಮೆಚ್ಚುವ ಹಾಗೆ ಉತ್ತರಿಸುವುದು ಎಂದು ಅದರ ಅರ್ಥ. ನಾನು ಇಲ್ಲಿ ಸುಮ್ಮನೆ "ಮೆಚ್ಚಿಸುವ ಉತ್ತರ" ಎಂದು ಕರೆಯುತ್ತೇನೆ. ಟಿ.ಸಿ.ಎಚ್. ಓದುವಾಗ ವ್ಯಕ್ತಿತ್ವ ಮಾಪನ ಎಂಬ ಪಾಠದಲ್ಲಿ "ಪ್ರಶ್ನಾವಳಿಯ ಮಿತಿಗಳು" ಎಂದು ಐದು ಅಂಕದ ಪ್ರಶ್ನೆಯೊಂದಿತ್ತು. "ಉತ್ತರಿಸುವವರು ಪ್ರಾಮಾಣಿಕವಾಗಿರದೆ ಇರಬಹುದು" ಎಂದು ಬಾಯಿಪಾಠ ಮಾಡಿ ಬರೆದಿದ್ದೆವು. ಆ ಒಂದು ಸಾಲಿನ ಹಿಂದೆ ನೂರು ವರ್ಷದ ಜಗಳವಿದೆ ಎಂದು ತಿಳಿದದ್ದು ಬಹಳ ಆಮೇಲೆ.

ನಮ್ಮ ಕನ್ನಡ ನಾಡಿಗೆ ಮನಸ್ಸನ್ನು ಅಳೆಯುವ ವಿದ್ಯೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗ ಶುರುಮಾಡಿದ್ದರು. (1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ "ಆಕಾಶವಾಣಿ" ಎಂಬ ರೇಡಿಯೋ ಕೇಂದ್ರ ಹಾಕಿದವರೂ ಇವರೇ. ಆ ಹೆಸರನ್ನು ಆಮೇಲೆ ಇಡೀ ದೇಶವೇ ತೆಗೆದುಕೊಂಡಿತು.) 1930ರ ದಶಕದಲ್ಲಿ ಧಾರವಾಡದಲ್ಲಿ ವಿ.ವಿ. ಕಾಮತರು ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದರೆ ನಿಮಗೆ ನೆನಪಾಗಬಹುದು.

ಆದರೆ ಬುದ್ಧಿಪರೀಕ್ಷೆಗೆ ಒಂದು ಅನುಕೂಲವಿದೆ. ಅದರಲ್ಲಿ ಮೆಚ್ಚಿಸಲು ಆಗುವುದಿಲ್ಲ. ಐದು ಅಂಕಿಗಳನ್ನು ಹಿಂದುಮುಂದಾಗಿ ಹೇಳು ಎಂದರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದಡ್ಡನಂತೆ ನಟಿಸಬಹುದು, ಜಾಣನಂತೆ ನಟಿಸಲಾಗದು. ಸ್ವಭಾವದ ಪ್ರಶ್ನೆ ಹಾಗಲ್ಲ. "ನೀನು ಧೈರ್ಯವಂತನೇ?" ಎಂದರೆ ಪೆನ್ಸಿಲ್ ಇರುವ ಯಾರು ಬೇಕಾದರೂ ಧೈರ್ಯವಂತರಾಗಬಹುದು.

ಇಂಥ ಪ್ರಶ್ನಾವಳಿಗಳ ಮೂಲಪುರುಷ ಅಮೆರಿಕದ ವುಡ್‌ವರ್ತ್. ಮೊದಲ ಮಹಾಯುದ್ಧದ ಕಾಲದಲ್ಲಿ, ಯಾವ ಸಿಪಾಯಿಗಳ ಮನಸ್ಸು ಗುಂಡಿನ ಸದ್ದಿಗೆ ಕುಸಿಯಬಹುದು ಎಂದು ಮೊದಲೇ ತಿಳಿಯಲು ಹೌದು-ಇಲ್ಲ ಪ್ರಶ್ನೆಗಳ ಪಟ್ಟಿ ಮಾಡಿದ. ಅದು ಸರಿಯಾಗಿ ಬಳಕೆಗೆ ಬರುವ ಮೊದಲೇ ಯುದ್ಧ ಮುಗಿಯಿತು. ಯುದ್ಧ ಹೋಯಿತು, ಪ್ರಶ್ನೆಪಟ್ಟಿ ಉಳಿಯಿತು! ಅಲ್ಲಿಂದ ಕಾರ್ಖಾನೆಗೆ, ಆಸ್ಪತ್ರೆಗೆ, ಶಾಲೆಗೆ ಬಂತು.

ಜನ ಮೆಚ್ಚಿಸಲು ಉತ್ತರಿಸುತ್ತಾರೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರು ಅಲೆನ್ ಎಡ್ವರ್ಡ್ಸ್. 1953ರಲ್ಲಿ ಅವರು ಮಾಡಿದ್ದು ಸರಳ ಕೆಲಸ. ಸ್ವಭಾವದ ಬಗ್ಗೆ 140 ವಾಕ್ಯಗಳನ್ನು ತೆಗೆದುಕೊಂಡು, ಒಂದು ಗುಂಪಿಗೆ "ಈ ಗುಣ ಒಬ್ಬರಲ್ಲಿದ್ದರೆ ಎಷ್ಟು ಒಳ್ಳೆಯದು?" ಎಂದು ಅಂಕ ಹಾಕಲು ಹೇಳಿದರು. ಇನ್ನೊಂದು ಗುಂಪಿಗೆ "ಇದು ನಿಮಗೆ ಹೊಂದುತ್ತದೆಯೇ?" ಎಂದು ಕೇಳಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೊಂದಾಣಿಕೆ 0.87. ಪೂರ್ತಿ ಹೊಂದಿದರೆ 1 ಎಂಬುದು ನಿಮಗೆ ಗೊತ್ತಿದೆ. ಅಂದರೆ ಯಾವುದು ಒಳ್ಳೆಯ ಗುಣವೋ ಅದು ನನ್ನಲ್ಲಿದೆ ಎಂದು ಹೇಳಿಕೊಳ್ಳುವವರೇ ಬಹುಪಾಲು. ನಮ್ಮ ಹದಿನೆಂಟು ಮಕ್ಕಳನ್ನು ಬೈಯುವ ಹಾಗಿಲ್ಲ ನೋಡಿ. ಕಾಲೇಜು ಓದಿದ ಅಮೆರಿಕದವರದ್ದೂ ಅದೇ ಕಥೆ.

ಸರಿ, ತಡೆಯುವುದು ಹೇಗೆ? ಪಂಡಿತರು ಹಲವು ಉಪಾಯ ಹುಡುಕಿದ್ದಾರೆ. ಬೆಟ್ಟದ ಮೇಲಿನ ನಮ್ಮ ತರಗತಿಯಲ್ಲಿ ಅವುಗಳ ಗತಿ ಏನಾಗುತ್ತದೆ ಎಂಬುದನ್ನಷ್ಟೇ ನಾನು ಹೇಳಬಲ್ಲೆ.

ಒಂದು ಉಪಾಯ, ಬಲೆ ಹಾಕುವುದು. 1943ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಹ್ಯಾಥವೇ ಮತ್ತು ಮೆಕಿನ್ಲಿ ಹೊರತಂದ ದೊಡ್ಡ ಪ್ರಶ್ನಾವಳಿಯಲ್ಲಿ 15 ವಾಕ್ಯಗಳನ್ನು ಇದಕ್ಕೆಂದೇ ಸೇರಿಸಿದ್ದರು. ಎಲ್ಲರಲ್ಲೂ ಇರುವ ಚಿಕ್ಕಪುಟ್ಟ ದೋಷಗಳು ಅವು: ಒಮ್ಮೊಮ್ಮೆ ಸಿಟ್ಟು ಬರುವುದು, ಒಮ್ಮೊಮ್ಮೆ ಚಾಡಿ ಮಾತು ಆಡುವುದು, ಹೀಗೆ. ಇವೆಲ್ಲ ನನ್ನಲ್ಲಿ ಇಲ್ಲವೇ ಇಲ್ಲ ಎನ್ನುವವನ ಉಳಿದ ಉತ್ತರಗಳನ್ನೂ ಅನುಮಾನದಿಂದ ನೋಡಬೇಕು ಎಂಬುದು ಲೆಕ್ಕ. 1960ರಲ್ಲಿ ಕ್ರೌನ್ ಮತ್ತು ಮಾರ್ಲೋ ಎಂಬವರು ಇದೇ ಜಾಡಿನಲ್ಲಿ 33 ವಾಕ್ಯಗಳ ಅಳತೆಗೋಲು ಮಾಡಿದರು. ಹೀಗೆ ಬರೆಯುವವರು ಕೆಟ್ಟವರು, ಮೋಸಗಾರರು ಎನ್ನಲಿಲ್ಲ ಅವರು. ಇನ್ನೊಬ್ಬರ ಮೆಚ್ಚುಗೆಗಾಗಿ ಹಂಬಲಿಸುವವರು ಎಂದು ಅರ್ಥ ಮಾಡಿಕೊಂಡರು. ನನಗೆ ಈ ಮಾತು ಬಹಳ ಹಿಡಿಸಿತು.

ಈಗ ನಮ್ಮ ಹಾಳೆಗೆ ಬನ್ನಿ. "ನಾನು ಯಾವಾಗಲೂ ಸತ್ಯವನ್ನೇ ಹೇಳುತ್ತೇನೆ" ಎಂಬುದು ಈ ಬಲೆಯ ವಾಕ್ಯವೇ. "ಹೌದು" ಎಂದವರನ್ನು ಅನುಮಾನಿಸಲು ಹಾಕಬೇಕಾದ ವಾಕ್ಯ. ಎಲ್ಲಿಂದಲೋ ಎತ್ತಿ ತಂದವರು ಅದನ್ನು "ಸತ್ಯಸಂಧತೆ" ಎಂಬ ಗುಣದ ಕೆಳಗೆ ಹಾಕಿ, "ಹೌದು" ಎಂದವರಿಗೆ ಅಂಕ ಕೊಟ್ಟು, "ಇಲ್ಲ" ಎಂದವಳನ್ನು ಹಿಡಿದುಬಿಟ್ಟರು! ಮೀನು ಹಿಡಿಯುವ ಬಲೆಯನ್ನು ತಲೆಕೆಳಗು ಹಾಸಿ ನೀರು ಹಿಡಿಯಲು ಹೋದ ಹಾಗಾಯಿತು. ಫೋನಿನಲ್ಲಿ ನಾನು ವಾದ ಮಾಡಿದ್ದು ಇಷ್ಟನ್ನೇ. ಆ ಕಡೆಯ ಹುಡುಗ ಪಾಪ ಒಳ್ಳೆಯವನು. "ನಮಗೆ ಕೊಟ್ಟಿದ್ದು ಹಾಗೇ ಸರ್" ಎಂದ.

ಬಲೆ ಸರಿಯಾಗಿ ಹಾಸಿದರೂ ಮಕ್ಕಳ ವಿಷಯದಲ್ಲಿ ಹುಷಾರಾಗಿರಬೇಕು. ಮೇಷ್ಟರ ಮುಂದೆ ಒಳ್ಳೆಯವರಾಗಿ ಕಾಣಬೇಕು ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಹಾಗೆ ಕಂಡರೆ ಅದನ್ನು ಸುಳ್ಳು ಎಂದು ಬರೆದುಕೊಳ್ಳುವುದು ಯಾವ ನ್ಯಾಯ?

ಇನ್ನೊಂದು ಉಪಾಯ ಎಡ್ವರ್ಡ್ಸ್ ಅವರದ್ದೇ. ಸಮಾನವಾಗಿ ಒಳ್ಳೆಯದೆನಿಸುವ ಎರಡು ವಾಕ್ಯ ಕೊಟ್ಟು, ನಿನಗೆ ಹೆಚ್ಚು ಹೊಂದುವುದು ಯಾವುದು ಎಂದು ಕೇಳುವುದು. ಅವರ ಪ್ರಶ್ನಾವಳಿಯಲ್ಲಿ ಇಂಥ 225 ಜೋಡಿಗಳಿದ್ದವು. "ಗೆಳೆಯರಿಗೆ ಸಹಾಯ ಮಾಡುತ್ತೇನೆ", "ಹಿಡಿದ ಕೆಲಸ ಮುಗಿಸುತ್ತೇನೆ", ಇವೆರಡರಲ್ಲಿ ಒಂದನ್ನು ಆರಿಸು ಎಂದರೆ ಮೆಚ್ಚಿಸುವ ದಾರಿ ಮುಚ್ಚಿಹೋಗುತ್ತದೆ. ಎರಡೂ ಒಳ್ಳೆಯದೇ ಅಲ್ಲವೇ? ನಾನು ಇಂಥ ಹತ್ತು ಜೋಡಿ ಮಾಡಿ ಮಕ್ಕಳಿಗೆ ಕೊಟ್ಟೆ. ಮೊದಲ ಸಲ ತರಗತಿಯಲ್ಲಿ "ಸರಿ ಉತ್ರ" ಕೇಳುವವರು ಕಡಿಮೆಯಾದರು. ಪೆನ್ಸಿಲ್ ಕಚ್ಚುತ್ತಾ ಕೂತರು. ಯೋಚನೆ ಮಾಡುವುದು ಕಣ್ಣಿಗೆ ಕಾಣುತ್ತಿತ್ತು.

ಆದರೆ ಸಮಾನ ಎಂದು ತೀರ್ಮಾನಿಸುವವರು ಯಾರು? ನಾನು ಸರಿಸಮ ಎಂದುಕೊಂಡು ಬರೆದ ಒಂದು ಜೋಡಿ ಹೀಗಿತ್ತು: "ನನಗನ್ನಿಸಿದ್ದನ್ನು ಧೈರ್ಯವಾಗಿ ಹೇಳುತ್ತೇನೆ", "ದೊಡ್ಡವರ ಮಾತು ಕೇಳುತ್ತೇನೆ". ಮೇಷ್ಟರ ಕಣ್ಣಿಗೆ ಎರಡೂ ಒಳ್ಳೆಯದು. ಎಲ್ಲ ಮಕ್ಕಳೂ ಎರಡನೆಯದಕ್ಕೇ ಗುರುತು ಹಾಕಿದರು. ಬೆಂಗಳೂರಿನ ಮಕ್ಕಳಿಗೆ ಕೊಟ್ಟಿದ್ದರೆ ತಕ್ಕಡಿ ಬೇರೆ ಕಡೆ ವಾಲುತ್ತಿತ್ತೇನೋ. ಎಡ್ವರ್ಡ್ಸ್ ಮೊದಲು ಜನರಿಂದಲೇ ಅಂಕ ಹಾಕಿಸಿ, ಆಮೇಲೆ ಜೋಡಿ ಕಟ್ಟಿದ್ದು ಇದಕ್ಕೇ. ಹೊರಗಿನಿಂದ ಬರುವ ಹಾಳೆಯಲ್ಲಿ ಜೋಡಿ ಕಟ್ಟಿದವರಿಗೆ ನಮ್ಮೂರಿನ ತಕ್ಕಡಿ ಗೊತ್ತಿರುವುದಿಲ್ಲ. ಇನ್ನೊಂದು ತೊಡಕು, ಈ ರೀತಿಯಲ್ಲಿ ಒಂದೇ ಮಗುವಿನಲ್ಲಿ ಯಾವ ಗುಣ ಮುಂದು ಯಾವುದು ಹಿಂದು ಎಂದು ತಿಳಿಯಬಹುದು. ಈ ಮಗುವಿಗಿಂತ ಆ ಮಗು ಮೇಲು ಎನ್ನಲಾಗದು. ನನಗೇನೋ ಅದು ಒಳ್ಳೆಯದೇ ಅನ್ನಿಸಿತು!

ಅಂದ ಹಾಗೆ, ನಮ್ಮ ಭಾಷೆಯ ಒಂದು ವಿಶೇಷ ಇಲ್ಲಿ ಹೇಳಲೇಬೇಕು. ಎಲ್ಲದಕ್ಕೂ "ಹೌದು ಹೌದು" ಎನ್ನುವವರನ್ನು ಹಿಡಿಯಲು ಹಾಳೆಯಲ್ಲಿ ಅರ್ಧ ವಾಕ್ಯಗಳನ್ನು ತಿರುಗಿಸಿ ಬರೆದಿರುತ್ತಾರೆ. "ನನಗೆ ರಾತ್ರಿ ಹೊತ್ತು ಭಯವಾಗುವುದಿಲ್ಲ. ಹೌದು / ಇಲ್ಲ." ಇಂಗ್ಲಿಷಿನವರ ಲೆಕ್ಕದಲ್ಲಿ "ಇಲ್ಲ" ಎಂದರೆ ಭಯ ಆಗುತ್ತದೆ ಎಂದು. ಕನ್ನಡದ ಮಗು "ಭಯ ಆಗಲ್ವಾ?" ಎಂದು ಕೇಳಿದರೆ ಏನನ್ನುತ್ತದೆ? "ಇಲ್ಲ." ಅಂದರೆ ಆಗುವುದಿಲ್ಲ ಎಂದು. ತಮಿಳಿನಲ್ಲೂ ಹೀಗೇ. ಹಾಳೆಗೆ ಅಂಕ ಹಾಕುವ ಯಂತ್ರಕ್ಕೆ ಇದು ಗೊತ್ತಾಗಬೇಕಲ್ಲ! ಧೈರ್ಯವಂತರೆಲ್ಲ ಅಂಜುಬುರುಕರಾಗಿ, ಅಂಜುಬುರುಕರು ಧೈರ್ಯವಂತರಾಗಿ ವರದಿಯಲ್ಲಿ ಬರುತ್ತಾರೆ. ಆದ್ದರಿಂದ ವಾಕ್ಯ ತಿರುಗಿಸಲೇಬೇಕಾದರೆ "ಇಲ್ಲ" ಎಂಬ ಪದವಿಲ್ಲದೆ ತಿರುಗಿಸಿ. "ನಾನು ಬೇಗ ಹೆದರುತ್ತೇನೆ" ಎಂದು ಬರೆದರೆ ಸಾಕು.

ಭಯದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದಕ್ಕೂ ಮೊದಲೇ ಆನೆ ನಮ್ಮ ಹೊಲಗಳಿಗೆ ಹಳೆಯ ಅತಿಥಿ. ಕೋಸು, ಜೋಳ, ಕಬ್ಬು ಇರುವ ಹೊಲದ ಅಂಚಿನಲ್ಲಿ ಅಪ್ಪನ ಜೊತೆ ರಾತ್ರಿ ಕಾವಲು ಕೂರುವ ಹುಡುಗನಿಗೆ ರಾತ್ರಿ ಭಯವಾಗುವುದು ಬುದ್ಧಿವಂತಿಕೆ. ಆದರೂ ನಮ್ಮ ಹುಡುಗರನ್ನು ಕೇಳಿ, "ಆನೆಗೆಲ್ಲ ಯಾರ್ ಸಾ ಹೆದ್ರುದು" ಎನ್ನುತ್ತಾರೆ. ಇದರಲ್ಲಿ ಎರಡು ಬಗೆ ಇದೆ. ಒಬ್ಬನಿಗೆ ಎದೆ ಡವಗುಟ್ಟುವುದು ತನಗೆ ಗೊತ್ತು, ನನ್ನ ಮುಂದೆ ಮುಚ್ಚಿಡುತ್ತಾನೆ. ಇನ್ನೊಬ್ಬ ತಾನು ಹೆದರುವವನೇ ಅಲ್ಲ ಎಂದು ಮನಸಾರೆ ನಂಬಿದ್ದಾನೆ. 1984ರಲ್ಲಿ ಪಾಲ್‌ಹಸ್ ಎಂಬ ವಿದ್ವಾಂಸರು ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಮೊದಲನೆಯದು ಎದುರಿಗಿರುವವರಿಗಾಗಿ ಹಾಕುವ ವೇಷ, ಎರಡನೆಯದು ತನಗೆ ತಾನೇ ಹೇಳಿಕೊಂಡ ಕಥೆ. ಹೆಸರು ಬರೆಯಬೇಡ, ಯಾರಿಗೂ ತೋರಿಸುವುದಿಲ್ಲ ಎಂದರೆ ಮೊದಲನೆಯವನು ಬಾಯಿ ಬಿಡಬಹುದು. ಎರಡನೆಯವನಿಗೆ ಅದರಿಂದ ಏನೂ ಆಗುವುದಿಲ್ಲ. ಅವನು ಸುಳ್ಳು ಹೇಳುತ್ತಲೇ ಇಲ್ಲವಲ್ಲ.

"ಹೆಸರು ಬರೆಯಬೇಡಿ" ಎಂಬ ಮಾತೂ ಅಷ್ಟೇ. ನಗರದ ದೊಡ್ಡ ಶಾಲೆಯಲ್ಲಿ ಸರಿ. 19 ಮಕ್ಕಳ ತರಗತಿಯಲ್ಲಿ ಹೆಸರಿಲ್ಲದ ಹಾಳೆ ಕೊಟ್ಟರೂ ಅಕ್ಷರ ನೋಡಿ ಯಾರದ್ದೆಂದು ಹೇಳುತ್ತೇನೆ. ಮಕ್ಕಳಿಗೂ ಅದು ಗೊತ್ತು. ಅಕ್ಷರವೇ ಬೇಡ ಎಂದು ನಾನು ಮಡಕೆ ಇಟ್ಟೆ. ಬಾಗಿಲ ಹಿಂದೆ ಒಂದು ಮಡಕೆ, ಪ್ರತಿಯೊಬ್ಬರ ಕೈಗೆ ಒಂದು ಹುಣಸೆ ಬೀಜ, ಒಂದು ಅವರೆ ಕಾಳು. ಹೌದಾದರೆ ಹುಣಸೆ, ಇಲ್ಲವಾದರೆ ಅವರೆ. ಉಳಿದದ್ದನ್ನು ಪಕ್ಕದ ಚೀಲಕ್ಕೆ ಹಾಕಿ ಬರಬೇಕು. "ಬೆಳಗ್ಗೆ ಊಟ ಮಾಡದೆ ಶಾಲೆಗೆ ಬಂದಿದ್ದೀಯಾ?" ಎಂದು ಬಾಯಲ್ಲಿ ಕೇಳಿದಾಗ ಕೈ ಎತ್ತಿದವರು ಒಬ್ಬರೂ ಇಲ್ಲ. ಮಡಕೆಯಲ್ಲಿ ಐದು ಹುಣಸೆ ಬೀಜ ಬಿದ್ದಿದ್ದವು. ಆ ಐದು ಬೀಜ ನೋಡಿ ನನಗೆ ಅವತ್ತು ಪಾಠ ಮಾಡಲು ಮನಸ್ಸು ಬರಲಿಲ್ಲ.

ಮಡಕೆಗಿಂತ ಜಾಣ ಉಪಾಯ ಒಂದಿದೆ. ಗಣಿತದ ಮೇಷ್ಟರು ಇದನ್ನು ಖಂಡಿತ ಮಾಡಿ ನೋಡಬೇಕು. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬವರು ಹೇಳಿಕೊಟ್ಟ ಯುಕ್ತಿ. ಅವರು ತಿರುಗುವ ಮುಳ್ಳೊಂದನ್ನು ಬಳಸಿದ್ದರು. ಆಮೇಲಿನವರು ಸರಳ ಮಾಡಿದ ರೀತಿ ಹೀಗೆ: ಪ್ರತಿ ಮಗುವೂ ಗುಟ್ಟಾಗಿ ಒಂದು ರೂಪಾಯಿ ನಾಣ್ಯ ಚಿಮ್ಮಬೇಕು. ಸಿಂಹದ ಮುಖ ಬಿದ್ದರೆ, ನಿಜ ಏನೇ ಇರಲಿ, "ಹೌದು" ಎನ್ನಬೇಕು. ಅಂಕಿ ಬಿದ್ದರೆ ನಿಜ ಹೇಳಬೇಕು. ಈಗ ಒಬ್ಬ ಎದುರಿಗೇ ನಿಂತು "ಹೌದು" ಎಂದರೂ ಅವನು ಮಾಡಿದ್ದಕ್ಕೆ ಹೇಳಿದನೋ, ಸಿಂಹ ಬಿದ್ದದ್ದಕ್ಕೆ ಹೇಳಿದನೋ ಯಾರಿಗೂ ಗೊತ್ತಾಗುವುದಿಲ್ಲ. ಮೇಷ್ಟರು ಬೈಯಲು ಆಗುವುದಿಲ್ಲ, ಗೆಳೆಯರು ಚುಡಾಯಿಸಲು ಆಗುವುದಿಲ್ಲ.

ಆರು, ಏಳು, ಎಂಟನೇ ತರಗತಿಯ 60 ಮಕ್ಕಳನ್ನು ಸೇರಿಸಿ ಮಾಡಿದೆ. ಪ್ರಶ್ನೆ: "ಕಳೆದ ವಾರ ಮನೆಪಾಠವನ್ನು ಬೇರೆಯವರದ್ದು ನೋಡಿ ಬರೆದೆಯಾ?" 42 ಮಂದಿ "ಹೌದು" ಎಂದರು. 60 ಸಲ ನಾಣ್ಯ ಚಿಮ್ಮಿದರೆ ಸುಮಾರು 30 ಸಲ ಸಿಂಹ. ಆ 30 "ಹೌದು" ಕಳೆದರೆ ಉಳಿದದ್ದು 12. ಅಂಕಿ ಬಿದ್ದ 30 ಮಂದಿಯಲ್ಲಿ 12 ಎಂದರೆ ನೂರಕ್ಕೆ ನಲವತ್ತು. ಯಾರು ಎಂದು ತಿಳಿಯಲಿಲ್ಲ, ಎಷ್ಟು ಎಂದು ತಿಳಿಯಿತು! ಆದರೆ ನಾಣ್ಯ ಪ್ರತಿ ಸಲ ಸರಿಯಾಗಿ ಅರ್ಧಕ್ಕೆ ಬೀಳುವುದಿಲ್ಲ. ಸಿಂಹ 26 ಸಲವೂ ಬಿದ್ದಿರಬಹುದು, 34 ಸಲವೂ ಬಿದ್ದಿರಬಹುದು. ಲೆಕ್ಕ ಹಾಕಿ ನೋಡಿ, ಉತ್ತರ ನೂರಕ್ಕೆ 47ಕ್ಕೂ ಹೋಗುತ್ತದೆ, 31ಕ್ಕೂ ಇಳಿಯುತ್ತದೆ. ಮಕ್ಕಳು ಕಡಿಮೆಯಾದಷ್ಟೂ ಓಲಾಟ ಜಾಸ್ತಿ. ಒಂದೇ ತರಗತಿಯಲ್ಲಿ ಮಾಡಿ ನಂಬಬೇಡಿ. ಎಂಟನೇ ತರಗತಿಯವರಿಗೆ ಮಾತ್ರ ಆ ವಾರದ ಸಂಭವನೀಯತೆ ಪಾಠ ಒಂದೇ ಏಟಿಗೆ ಅರ್ಥವಾಯಿತು. ಇದು ಲಾಭ.

ಒಂದು ಉಪಾಯ ನಾನು ಮಕ್ಕಳ ಮೇಲೆ ಮಾಡಲಾರೆ. 1971ರಲ್ಲಿ ಜೋನ್ಸ್ ಮತ್ತು ಸಿಗಾಲ್ ಎಂಬವರು, ಮನಸ್ಸಿನಲ್ಲಿರುವುದನ್ನು ಹಿಡಿಯುತ್ತದೆ ಎಂದು ನಂಬಿಸಿದ ಉತ್ತುತ್ತು ಯಂತ್ರಕ್ಕೆ ಜನರನ್ನು ಜೋಡಿಸಿ ಪ್ರಶ್ನೆ ಕೇಳುವ ವಿಧಾನ ಬರೆದರು. ಹೇಗೂ ಸಿಕ್ಕಿಬೀಳುತ್ತೇವೆ ಎಂಬ ಹೆದರಿಕೆಗೆ ನಿಜ ಹೊರಬರುತ್ತದಂತೆ. ನಮ್ಮ ಕಡೆಯವರಿಗೆ ಇದೇನು ಹೊಸದೇ? ಯಂತ್ರ ಬೇಕಿಲ್ಲ, "ಮಾದಪ್ಪನ ಮೇಲೆ ಆಣೆ ಮಾಡು" ಎಂದರೆ ಸಾಕು, ದೊಡ್ಡವರೂ ನಾಲಗೆ ಕಚ್ಚಿಕೊಳ್ಳುತ್ತಾರೆ. ಮಾದಪ್ಪನನ್ನು ನಂಬುವವನಿಗೆ ಅದು ಮೋಸವಲ್ಲ. ಉತ್ತುತ್ತು ಯಂತ್ರ ಮೋಸವೇ. ಸುಳ್ಳು ಹೇಳಿ ನಿಜ ಹೊರಡಿಸುವ ಕೆಲಸವನ್ನು ಮೇಷ್ಟರಾದವರು ತರಗತಿಯಲ್ಲಿ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಂದ ಆಣೆ ಹಾಕಿಸುವುದನ್ನೂ ನಾನು ಬಿಡಿಸಿದ್ದೇನೆ.

ಕೆಲವು ವಿಷಯ ಕೇಳುವುದಕ್ಕಿಂತ ನೋಡುವುದೇ ಮೇಲು. 1928ರಲ್ಲಿ ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಇಬ್ಬರು ಅಮೆರಿಕದ ಹತ್ತು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ಪ್ರಾಮಾಣಿಕತೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. ನೀನು ಪ್ರಾಮಾಣಿಕನೇ ಎಂದು ಕೇಳುತ್ತಾ ಕೂರಲಿಲ್ಲ. ಮಕ್ಕಳ ಉತ್ತರಗಳ ನಕಲನ್ನು ಗುಟ್ಟಾಗಿ ಇಟ್ಟುಕೊಂಡು, ಹಾಳೆಯನ್ನು ಅವರ ಕೈಗೇ ವಾಪಸು ಕೊಟ್ಟು, ನೀವೇ ತಿದ್ದಿ ಅಂಕ ಹಾಕಿಕೊಳ್ಳಿ ಎಂದರು. ಯಾರು ಉತ್ತರ ಬದಲಿಸಿದರೆಂದು ನಕಲು ಹೇಳುತ್ತಿತ್ತು. (ಇದೂ ಸ್ವಲ್ಪ ಕಳ್ಳಾಟವೇ, ಒಪ್ಪುತ್ತೇನೆ.) ಅವರಿಗೆ ಕಂಡದ್ದು ವಿಚಿತ್ರ. ಪಾಠದಲ್ಲಿ ಮೋಸ ಮಾಡಿದವನು ಆಟದಲ್ಲಿ ಮಾಡಲಿಲ್ಲ. ಮನೆಯಲ್ಲಿ ಸುಳ್ಳು ಹೇಳಿದವನು ದುಡ್ಡಿನಲ್ಲಿ ನೇರವಾಗಿದ್ದ. ಒಂದು ಮಗುವನ್ನು "ಪ್ರಾಮಾಣಿಕ", ಇನ್ನೊಂದನ್ನು "ಅಪ್ರಾಮಾಣಿಕ" ಎಂದು ಎರಡು ಸಾಲು ಮಾಡಲು ಬರಲಿಲ್ಲ. ಒಂದು ವಾಕ್ಯದ ಮುಂದಿನ ಒಂದು ಗುರುತನ್ನು ನೋಡಿ ಪಟ್ಟಿ ಮಾಡುವವರು ಈ ಹಳೆಯ ಪುಸ್ತಕವನ್ನು ಒಮ್ಮೆ ತಿರುವಿ ಹಾಕಬಾರದೇ?

2005ರಲ್ಲಿ ಶುರುವಾದ ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯವರೂ ಮನೆಗೆ ಹೋಗಿ "ನಿಮ್ಮ ಮಗುವಿಗೆ ಓದಲು ಬರುತ್ತದೆಯೇ?" ಎಂದು ಕೇಳಿ ಬರೆದುಕೊಳ್ಳುವುದಿಲ್ಲ. ಒಂದು ಪುಟ ಕೊಟ್ಟು ಓದಿಸುತ್ತಾರೆ. ಕೇಳಿಯೇ ತೀರಬೇಕಾದಾಗ ಪ್ರಶ್ನೆಯ ಹಿಂದುಮುಂದು ಏನಿದೆ ಎಂದು ನೋಡಬೇಕು. 2018ರ ಜುಲೈಯಿಂದ ಡಿಸೆಂಬರ್‌ವರೆಗೆ ಕೇಂದ್ರದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆ, ನೀರು, ಶೌಚಾಲಯದ ಬಗ್ಗೆ ದೇಶವೆಲ್ಲ ಕೇಳಿದರು. ಅದರಲ್ಲಿ ಮೊದಲು ಸರ್ಕಾರದ ಯೋಜನೆಯಿಂದ ನಿಮಗೆ ಸವಲತ್ತು ಬಂದಿದೆಯೇ ಎಂಬ ಪ್ರಶ್ನೆ, ಆಮೇಲೆ ಮನೆಗೆ ಶೌಚಾಲಯ ಇದೆಯೇ ಎಂಬ ಪ್ರಶ್ನೆ. ಇಲ್ಲ ಎಂದರೆ ಸವಲತ್ತು ಬರಬಹುದು ಎಂಬ ಆಸೆ ಇರುತ್ತದಲ್ಲ! ಇದರಿಂದ ಉತ್ತರ ವಾಲಿರಬಹುದು ಎಂದು ಅವರ ವರದಿಯೇ ಒಪ್ಪಿಕೊಂಡಿತು. ಮೆಚ್ಚಿಸುವ ಉತ್ತರ ಯಾವಾಗಲೂ ಹೊಗಳಿಕೆಗೇ ಇರಬೇಕಿಲ್ಲ, ಲಾಭದ ಕಡೆಗೂ ಇರಬಹುದು. 2014ರಲ್ಲಿ ಉತ್ತರ ಭಾರತದ ಐದು ರಾಜ್ಯಗಳಲ್ಲಿ ಇನ್ನೊಂದು ಸಮೀಕ್ಷೆ ನಡೆಯಿತು. ಅವರು ಮನೆಯಲ್ಲಿ ಶೌಚಾಲಯ ಇದೆಯೇ ಎಂಬಲ್ಲಿಗೆ ನಿಲ್ಲಿಸದೆ, ಮನೆಯ ಒಬ್ಬೊಬ್ಬರ ಬಗ್ಗೆಯೂ ಬಯಲಿಗೆ ಹೋಗುತ್ತಾರೋ ಶೌಚಾಲಯಕ್ಕೆ ಹೋಗುತ್ತಾರೋ ಎಂದು ಕೇಳಿದರು. ಬಳಸುವಂತಿದ್ದ ಶೌಚಾಲಯವಿರುವ ಮನೆಗಳಲ್ಲೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಕಡೆ ಯಾರಾದರೊಬ್ಬರು ಬಯಲಿಗೇ ಹೋಗುತ್ತಿದ್ದರು.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಗಡಿಯ ಪ್ರಶ್ನೆಗೆ ಬರದಿದ್ದರೆ ಹೇಗೆ? 1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಇಲ್ಲೇ ಉಳಿಯಿತು. ಅಂದಿನಿಂದ ನಮ್ಮವರಿಗೆ ಎಲ್ಲಕ್ಕಿಂತ ಹೆಚ್ಚು ಸಲ ಎದುರಾಗುವ ಪ್ರಶ್ನೆ "ಮನೆಯಲ್ಲಿ ಯಾವ ಭಾಷೆ?" ಎಂಬುದು. ಇದಕ್ಕೆ ನಮ್ಮ ಮಕ್ಕಳು ಕೇಳುವವರ ಮುಖ ನೋಡಿ ಉತ್ತರಿಸುತ್ತಾರೆ. ದಿಂಬಂ ಘಾಟಿ ಹತ್ತಿ ಬಂದ ಸಾಹೇಬರು ಕೇಳಿದರೆ "ತಮಿಳ್ ಸಾರ್". ಚಾಮರಾಜನಗರದ ಕಡೆಯಿಂದ ಬಂದವರು ಕೇಳಿದರೆ "ಕನ್ನಡ ಸಾ". ಕಾಡಂಚಿನ ಪೋಡಿನ ಸೋಲಿಗರ ಮಗು ಮನೆಯ ಮಾತನ್ನು ಬಾಗಿಲಲ್ಲೇ ಬಿಟ್ಟು ಬಂದು, ನನಗೆ ಇಷ್ಟವಾಗುವ "ಕನ್ನಡ" ಎಂಬ ಉತ್ತರ ಕೊಡುತ್ತದೆ. ನನಗೆ ಅದು ಬೇಕಾದ ಉತ್ತರವೇ. ಕನ್ನಡದ ಮಕ್ಕಳ ಸಂಖ್ಯೆ ಇದ್ದರೆ ತಾನೇ ಕನ್ನಡದ ಮೇಷ್ಟರ ಹುದ್ದೆ? ಹಾಗಿರುವಾಗ ನಾನು ಕೇಳಿದರೆ ನಿಜ ಸಿಗುತ್ತದೆಯೇ ಎಂದು ಪ್ರತಿ ಜೂನ್‌ನಲ್ಲಿ ದಾಖಲಾತಿ ಪುಸ್ತಕ ತೆರೆದಾಗ ಅನ್ನಿಸುತ್ತದೆ.

ಮಾರ್ಚ್ 1, 2027ನ್ನು ಆಧಾರ ದಿನವಾಗಿ ಇಟ್ಟು ಜನಗಣತಿ ಎಂದು 2025ರ ಜೂನ್‌ನಲ್ಲಿ ಅಧಿಸೂಚನೆ ಬಂದಿತ್ತು. ಮನೆಮನೆಗೆ ಹೋಗುವವರಲ್ಲಿ ನಮ್ಮಂಥ ಮೇಷ್ಟರುಗಳೇ ಬಹಳ. ಜನಗಣತಿಯ ಲೆಕ್ಕದಲ್ಲಿ ಮಾತೃಭಾಷೆ ಎಂದರೆ ಚಿಕ್ಕಂದಿನಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡುತ್ತಿದ್ದ ಮಾತು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು. "ಕನ್ನಡ ತಾನೇ?" ಎಂದೋ "ತಮಿಳು ತಾನೇ?" ಎಂದೋ ಹೊಸಿಲಲ್ಲಿ ನಿಂತು ಕೇಳಿದರೆ ಜನ ತಲೆಯಾಡಿಸುತ್ತಾರೆ, ಅಷ್ಟೇ. ನಾನು ಹೋದರೆ ಮೊದಲು ಜಗುಲಿಯ ಮೇಲೆ ಕೂತು ನೀರು ಕೇಳಿ ಕುಡಿದು, ಪುಸ್ತಕ ಮುಚ್ಚಿಟ್ಟು, "ಚಿಕ್ಕೋರಿದ್ದಾಗ ನಿಮ್ಮವ್ವ ನಿಮ್ಮನ್ನ ಊಟಕ್ಕೆ ಏನಂತ ಕೂಗ್ತಿದ್ರು?" ಎಂದು ಕೇಳಬೇಕು ಅಂದುಕೊಂಡಿದ್ದೇನೆ.